ಇಂದಿನ ಧಮ್ಮ ಚಿಂತನೆ: ಬಣ್ಣಕ್ಕಿಂತ ಮೊದಲು ಗೋಡೆ



ಅಕ್ಟೋಬರ್ 14ರ ಧಮ್ಮಚಕ್ರ ಪ್ರವರ್ತನ ದಿನದ ವಂದನೆ ಸೊಕ್ಕೆಯ ನಮ್ಮ ಮನೆಯಲ್ಲಿತ್ತು. ನಡುಮನೆಗೆ ನಾನೇ ಬಣ್ಣ ಹೊಡೆಯೋಣವೆಂದು ಜಗಳೂರಿನಿಂದ ಎಮಲ್ಷನ್ ಡಬ್ಬ, ರೋಲರ್ ತಂದೆ. ಗೋಡೆಗೆ ವರ್ಷ ವರ್ಷ ಬಳಿದ ಸುಣ್ಣ ಪದರು ಪದರಾಗಿ ಕೂತಿತ್ತು. ಅದರ ಮೇಲೆಯೇ ರೋಲರ್ ಉರುಳಿಸಿದೆ. ಎರಡನೇ ಸಲ ಉರುಳಿಸುವಾಗ ಹಳೇ ಸುಣ್ಣ ಹೊಸ ಬಣ್ಣದ ಸಮೇತ ಎದ್ದು ರೋಲರಿಗೆ ಅಂಟಿಕೊಂಡು ಬಂತು.

ಪೇಂಟಿಂಗ್ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದೆ. ಬಂದು ನೋಡಿ ನಕ್ಕ. "ಸರ್, ಪುಡಿ ಸುಣ್ಣದ ಮೇಲೆ ಎಂಥಾ ಬಣ್ಣನೂ ನಿಲ್ಲಲ್ಲ. ಮೊದ್ಲು ಕೆರೀಬೇಕು" ಎಂದ. ಇಬ್ಬರೂ ಕೂಡಿ ಸುಣ್ಣ ಕೆರೆದೆವು. ಉಪ್ಪುಕಾಗದದಿಂದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿ, ಒಣಗಿದ ಮೇಲೆ ಪ್ರೈಮರ್ ಹೊಡೆದೆವು.

ಅಷ್ಟರಲ್ಲಿ ಅವ್ವ ಚಹಾ ತಂದಳು. ನನಗೆ ಸ್ಟೀಲ್ ಲೋಟದಲ್ಲಿ, ಅವನಿಗೆ ಪೇಪರ್ ಕಪ್ಪಿನಲ್ಲಿ.

ಊರವರ ಕಣ್ಣಿಗೆ ನಾವೂ ಅವನೂ ಒಂದೇ. ಆದರೆ ನಮ್ಮ ಕೇರಿ ಬೇರೆ, ಅವರ ಕೇರಿ ಬೇರೆ. ಹೋಟೆಲಿನಲ್ಲಿ ಬೇರೆ ಲೋಟ ಹಿಡಿದು ಹೊರಗೆ ನಿಂತ ನೋವು ಅವ್ವನಿಗೆ ಗೊತ್ತು. ಆ ಅವ್ವನೇ ಹೀಗೆ ಮಾಡಿದಳು. ನಾನು ನೋಡಿದೆ, ಸುಮ್ಮನೆ ಕುಡಿದೆ. ಅವ್ವನ ತಪ್ಪಿಗಿಂತ ನನ್ನ ಮೌನ ದೊಡ್ಡ ತಪ್ಪು.

ಆ ರಾತ್ರಿ ಮಜ್ಝಿಮ ನಿಕಾಯದ 7ನೇ ಸುತ್ತ, ವತ್ಥೂಪಮ ಸುತ್ತ ನೆನಪಾಯಿತು. ಕೊಳೆಯಾದ ಬಟ್ಟೆಯನ್ನು ಯಾವ ಬಣ್ಣಕ್ಕೆ ಅದ್ದಿದರೂ ಬಣ್ಣ ಸರಿಯಾಗಿ ಹಿಡಿಯದು, ಮನಸ್ಸೂ ಹಾಗೆಯೇ ಎಂದು ಭಗವಾನರು ಅಲ್ಲಿ ವಿವರಿಸುತ್ತಾರೆ. ಮನಸ್ಸಿನ 16 ಕೊಳೆಗಳನ್ನು ಹೆಸರಿಸುತ್ತಾರೆ. ಮಾನ, ಅತಿಮಾನ ಅವುಗಳಲ್ಲಿ ಎರಡು. ತಾನು ಹೆಚ್ಚು, ಇನ್ನೊಬ್ಬ ಕಡಿಮೆ ಎನ್ನುವ ಭಾವವೇ ಅದು.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದರು. ಪ್ರತಿ ಮೆಟ್ಟಿಲಿನವನಿಗೂ ಕೀಳಾಗಿ ಕಾಣಲು ಕೆಳಗೊಬ್ಬನಿರುತ್ತಾನೆ. ಆದ್ದರಿಂದಲೇ ಏಣಿ ಮುರಿಯಲು ಎಲ್ಲರೂ ಕೂಡುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿದವರ ವಾರಸುದಾರರು ನಾವು. ನಮ್ಮ ಮನೆಯಲ್ಲೇ ಎರಡು ಲೋಟವಿದ್ದರೆ ಆ ನೀರಿಗೆ ಏನು ಬೆಲೆ?

1956ರಲ್ಲಿ ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 9ನೆಯದು ಮನುಷ್ಯರೆಲ್ಲರ ಸಮಾನತೆಯನ್ನು ನಂಬುವುದು. 10ನೆಯದು ಆ ಸಮಾನತೆಯ ಸ್ಥಾಪನೆಗೆ ಶ್ರಮಿಸುವುದು. ಇವೆರಡು ಏಕೆ ಬೇರೆ ಬೇರೆ ಎಂದು ನನಗೆ ಅಂದು ತಿಳಿಯಿತು. ನಂಬಿಕೆ ನನ್ನಲ್ಲಿತ್ತು, ಶ್ರಮ ಇರಲಿಲ್ಲ. ಬುದ್ಧರ ಪಟ ತೂಗುಹಾಕಿದ್ದೆ, ಅದರ ಹಿಂದಿನ ಗೋಡೆ ಕೆರೆದಿರಲಿಲ್ಲ.

ಬೆಳಿಗ್ಗೆ ಅವ್ವನ ಜೊತೆ ಮಾತಾಡಿದೆ. ಅವಳಿಗೆ ಸಿಟ್ಟು ಬಂತು, ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಹುಡುಗ ಬಂದಾಗ ನಾನೇ ಚಹಾ ಮಾಡಿ ಮೂವರಿಗೂ ಸ್ಟೀಲ್ ಲೋಟದಲ್ಲೇ ಕೊಟ್ಟೆ. "ನಿನ್ನೆದು ತಪ್ಪಾಯ್ತಪ್ಪ" ಎಂದೆ. "ಗೊತ್ತಾಗಿತ್ತು ಸರ್" ಎಂದಷ್ಟೇ ಹೇಳಿ ರೋಲರ್ ಎತ್ತಿಕೊಂಡ.

ಮೂಲೆ, ಅಂಚುಗಳಿಗೆ ಮೊದಲು ಬ್ರಷ್ ಹಿಡಿದೆವು. ರೋಲರ್ ಅದ್ದಿ, ಹೆಚ್ಚಿನ ಬಣ್ಣವನ್ನು ತಟ್ಟೆಯಲ್ಲೇ ಇಳಿಸಿ, ಒತ್ತದೆ ಹಗುರವಾಗಿ ಉರುಳಿಸಿದೆವು. ಮೊದಲ ಕೋಟು ಪೂರ್ತಿ ಒಣಗುವ ತನಕ ಕಾದು ಎರಡನೆಯದು ಹೊಡೆದೆವು. ಈ ಸಲ ಬಣ್ಣ ನಿಂತಿತು. ಅವ್ವನ ಮನಸ್ಸಿಗೂ ನನ್ನ ಮನಸ್ಸಿಗೂ ಇನ್ನೂ ಕೆರೆಯುವ ಕೆಲಸ ಬಾಕಿ ಇದೆ.

*ಇಂದಿನ ಅಭ್ಯಾಸ:* ನಮ್ಮ ಮನೆಯಲ್ಲಿ ಯಾರಿಗಾದರೂ ಬೇರೆ ಲೋಟ, ಬೇರೆ ತಟ್ಟೆ, ಬೇರೆ ಜಾಗ ಇದೆಯೇ? ಒಮ್ಮೆ ಕಣ್ಣು ಹಾಯಿಸೋಣ. ಇದ್ದರೆ ಇವತ್ತೇ ಒಂದನ್ನು ತೆಗೆಯೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್ 💙