ಜನಪದ ಕಥೆ ಹೇಳಲು ಹೊರಟವರಿಗೆ ಒಂಬತ್ತು ಸೂತ್ರಗಳು

ನವೆಂಬರ್ 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ನಗರದ ಶಾಖಾ ಗ್ರಂಥಾಲಯವಿರಲಿ, ಹಳ್ಳಿಯ ಅರಿವು ಕೇಂದ್ರವಿರಲಿ, ಬಾಗಿಲಲ್ಲಿ ಜನಪದ ಕಥೆ ಹೇಳುವ ಸ್ಪರ್ಧೆಯ ಸೂಚನೆ ಕಂಡರೆ ತಡಮಾಡದೆ ಹೆಸರು ಕೊಡಿ. ಮೇಷ್ಟ್ರು ಬರೆದುಕೊಟ್ಟ ಭಾಷಣ ಒಪ್ಪಿಸುವ ಸ್ಪರ್ಧೆ ಇದಲ್ಲ. ಎದುರಿಗೆ ಕೂತವರಿಗೆ ಕಥೆ ಹೇಳಬೇಕು. ಅದಕ್ಕೆ ಬೇಕಾದ ತಯಾರಿಯೇ ಬೇರೆ.

1. ಮೊದಲು ಮನೆಯಲ್ಲಿ ಕೇಳಿ. ಫೋನಿನಲ್ಲಿ ಹುಡುಕಿದರೆ ತೆನಾಲಿ ರಾಮ, ಬೀರಬಲ್ ಸಿಗುತ್ತಾರೆ. ಅದೇ ಕಥೆಯನ್ನು ಪಕ್ಕದ ಸ್ಪರ್ಧಿಯೂ ತಂದಿರುತ್ತಾನೆ. ಅಜ್ಜಿಯ ಹತ್ತಿರ, ದೊಡ್ಡಮ್ಮನ ಹತ್ತಿರ, ಬೀದಿಯ ಹಿರಿಯರ ಹತ್ತಿರ ಹೋಗಿ. ಆದರೆ “ಒಂದು ಜನಪದ ಕಥೆ ಹೇಳಿ” ಎಂದು ಕೇಳಬೇಡಿ. “ನಂಗೇನ್ ಬರುತ್ತೆ ಮಗಾ” ಎಂದು ಕೈಯಾಡಿಸಿಬಿಡುತ್ತಾರೆ. “ನೀವು ಚಿಕ್ಕೋರಿದ್ದಾಗ ಊಟ ಮಾಡಿಸ್ತಾ ನಿಮ್ಮಮ್ಮ ಏನು ಹೇಳ್ತಿದ್ರು?” ಎಂದು ಕೇಳಿ. ಅದಕ್ಕೂ ಬಾಯಿ ಬಿಡದಿದ್ದರೆ ಕಾಗಕ್ಕ ಗುಬ್ಬಕ್ಕನ ಕಥೆಯನ್ನು ನೀವೇ ತಪ್ಪುತಪ್ಪಾಗಿ ಶುರುಮಾಡಿ. ತಿದ್ದಲು ಹೊರಟವರು ಕಥೆಯನ್ನು ಪೂರ್ತಿ ಹೇಳಿಯೇ ನಿಲ್ಲಿಸುತ್ತಾರೆ.

2. ಆಮೇಲೆ 398.2ರ ಕಪಾಟಿಗೆ ಹೋಗಿ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಜನಪದ ಕಥೆಗಳ ಸಂಖ್ಯೆ ಅದು. ಸಣ್ಣ ಗ್ರಂಥಾಲಯದಲ್ಲಿ ಸಂಖ್ಯೆ ಹಾಕಿರದಿದ್ದರೆ ಮೇಲ್ವಿಚಾರಕರನ್ನು ಕೇಳಿ. ಸಿಂಪಿ ಲಿಂಗಣ್ಣ, ಜೀ.ಶಂ. ಪರಮಶಿವಯ್ಯ, ಎ.ಕೆ. ರಾಮಾನುಜನ್ ಇವರೆಲ್ಲ ಜನರ ಬಾಯಿಂದ ಕೇಳಿ ಸಂಗ್ರಹಿಸಿದವರು. ಮನೆಯಲ್ಲಿ ಕೇಳಿದ ಕಥೆಯ ಇನ್ನೊಂದು ಪಾಠ ಪುಸ್ತಕದಲ್ಲಿ ಸಿಕ್ಕರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬದಲಾಗದೆ ಉಳಿದದ್ದು ಕಥೆಯ ಎಲುಬು.

3. ಯಾವ ವಿವರ ಬಿಟ್ಟರೆ ಕಥೆ ಕುಸಿಯುತ್ತದೆ ಎಂಬುದನ್ನು ಗುರುತಿಸಿ. ಇದೊಂದು ಸೂತ್ರಕ್ಕೆ ಮಿಕ್ಕೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ, ಹೂಮರವಾಗುವ ಹುಡುಗಿಯ ಕಥೆಯನ್ನೇ ತೆಗೆದುಕೊಳ್ಳಿ. ಗಿರೀಶ ಕಾರ್ನಾಡರ 1992ರ ‘ಚೆಲುವಿ’ ಚಿತ್ರಕ್ಕೂ ಇದೇ ಆಧಾರ. ಹುಡುಗಿ ಅಕ್ಕನಿಗೆ ಹೇಳುತ್ತಾಳೆ: ಉಗುರು ತಾಗದಂತೆ ಎರಡು ಕೊಡ ನೀರು ತಾ, ಒಂದನ್ನು ಸುರಿದರೆ ನಾನು ಮರವಾಗುತ್ತೇನೆ, ಚಿಗುರು ಮುರಿಯದೆ, ಎಲೆ ಹರಿಯದೆ ಹೂ ಕಿತ್ತುಕೋ, ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ಮನುಷ್ಯಳಾಗುತ್ತೇನೆ. ಅವಳ ಮದುವೆಯಾದ ಮೇಲೆ ನಾದಿನಿಯೂ ಗೆಳತಿಯರೂ ಕೊಂಬೆ ಮುರಿಯುತ್ತಾರೆ, ನೀರನ್ನು ಹೇಗೆಂದರೆ ಹಾಗೆ ಚೆಲ್ಲಿ ಓಡುತ್ತಾರೆ. ಹುಡುಗಿ ಅತ್ತ ಮರವೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ ಎಂಬಂತೆ ಉಳಿಯುತ್ತಾಳೆ. ಮೊದಲ ನಿಮಿಷದಲ್ಲೇ ಎರಡನೆಯ ಕೊಡದ ಮಾತನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿರದಿದ್ದರೆ ಈ ಘಟ್ಟದಲ್ಲಿ ಯಾರ ಎದೆಯೂ ಝಲ್ಲೆನ್ನುವುದಿಲ್ಲ. ಅರಮನೆಯ ವರ್ಣನೆ ಎಷ್ಟು ಬೇಕಾದರೂ ಮೊಟಕಾಗಲಿ, ಕೊಡಗಳ ಲೆಕ್ಕ ಮಾತ್ರ ತಪ್ಪಬಾರದು. ನೀವು ಆರಿಸಿದ ಕಥೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ. ಉಂಗುರವೋ, ಆಣೆಯೋ, ಏಳು ಸಮುದ್ರದಾಚೆಯ ಗಿಣಿಯೋ, ಅದನ್ನು ಹುಡುಕಿಕೊಂಡು ಆಮೇಲೆ ಬಾಯಿ ತೆರೆಯಿರಿ.

4. ಬಾಯಿಪಾಠ ಮಾಡಬೇಡಿ. ಮೊದಲ ವಾಕ್ಯ, ಕೊನೆಯ ವಾಕ್ಯ, ಮರಳಿ ಮರಳಿ ಬರುವ ಮಾತು, ಇಷ್ಟು ನೆನಪಿದ್ದರೆ ಸಾಕು. ನಡುವಿನದನ್ನು ಪ್ರತಿ ಸಲವೂ ಹೊಸದಾಗಿ ಹೇಳಿ ಅಭ್ಯಾಸ ಮಾಡಿ. ಬಾಯಿಪಾಠ ಮಾಡಿದವರಿಗೆ ಒಂದು ಪದ ಮರೆತರೆ ಮುಂದಿನ ಸಾಲೂ ಮರೆಯುತ್ತದೆ. ಕಥೆಯನ್ನು ಕಣ್ಣೆದುರು ಕಂಡವರು ಬೇರೆ ಪದ ಹಾಕಿ ಮುಂದೆ ಹೋಗುತ್ತಾರೆ.

5. ಪಾತ್ರಗಳಿಗೆ ಹೆಸರಿಡುವ ಅವಸರ ಬೇಡ. ಮನೆಯೊಳಗೆ ಹೇಳುವ ಅಜ್ಜಿ ಕಥೆಗಳಲ್ಲಿ ಸಾಮಾನ್ಯವಾಗಿ ಯಾರಿಗೂ ಹೆಸರಿರುವುದಿಲ್ಲ ಎಂದು ರಾಮಾನುಜನ್ ಗುರುತಿಸಿದ್ದರು. ಒಬ್ಬ ರಾಜ, ಒಬ್ಬಳು ಮುದುಕಿ, ಕಿರಿಮಗಳು. ಹೆಸರಿಲ್ಲದ ಕಿರಿಮಗಳ ಜಾಗದಲ್ಲಿ ಕೇಳುವ ಹುಡುಗಿ ತನ್ನನ್ನೇ ಇಟ್ಟುಕೊಳ್ಳಬಲ್ಲಳು.

6. ಮನೆಮಾತಿನಲ್ಲೇ ಹೇಳಿ. ಧಾರವಾಡದ ಕಡೆಯವರು ಧಾರವಾಡದಂತೆ, ಕುಂದಾಪುರದವರು ಕುಂದಾಪುರದಂತೆ, ಚಾಮರಾಜನಗರದವರು ಅಲ್ಲಿಯಂತೆ. ವೇದಿಕೆ ಹತ್ತಿದ ಕೂಡಲೇ ಪಠ್ಯಪುಸ್ತಕದ ಕನ್ನಡಕ್ಕೆ ಜಿಗಿಯುವ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅಜ್ಜಿ ಆಡದ ಭಾಷೆಯಲ್ಲಿ ಅಜ್ಜಿಯ ಕಥೆ ಬಡವಾಗುತ್ತದೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಲಂಬಾಣಿಯೋ ಇದ್ದರೆ, ನಿಯಮ ಒಪ್ಪುವಷ್ಟರ ಮಟ್ಟಿಗೆ, ಮರಳಿ ಬರುವ ಮಾತನ್ನಾದರೂ ಅದರಲ್ಲೇ ಉಳಿಸಿಕೊಳ್ಳಿ.

7. ಹೂಂಗುಟ್ಟುವವರನ್ನು ಜೊತೆಗಿಟ್ಟುಕೊಳ್ಳಿ. ಮನೆಯಲ್ಲಿ ಕಥೆ ಹೇಳುವಾಗ ಕೇಳುವವರು “ಹೂಂ” ಅನ್ನುತ್ತಲೇ ಇರಬೇಕು. ದನಿ ನಿಂತರೆ ಮಗು ನಿದ್ದೆ ಹೋಯಿತೆಂದು ಅಜ್ಜಿಗೆ ತಿಳಿಯುತ್ತದೆ. ಸ್ಪರ್ಧೆಯ ಕೋಣೆಯಲ್ಲಿ ಆ ದನಿಯೇ ಇರುವುದಿಲ್ಲ. ಹಾಗಾಗಿ ಶುರುವಿನಲ್ಲೇ ಸಭಿಕರಿಗೆ “ನೀವು ಹೂಂ ಅಂದರೆ ಮಾತ್ರ ಕಥೆ ಮುಂದೆ ಹೋಗುತ್ತೆ” ಎಂದುಬಿಡಿ. ನಿಮ್ಮ ಓಟ ಎಷ್ಟಿರಬೇಕೆಂದು ಆ ಹೂಂಕಾರವೇ ತಿಳಿಸುತ್ತದೆ. ದನಿ ಸೊರಗಿತೋ, ವರ್ಣನೆ ಬಿಟ್ಟು ಘಟನೆಗೆ ಬನ್ನಿ.

ಮರಳಿ ಬರುವ ಮಾತಿಗೂ ಸಭಿಕರ ನೆರವು ಬೇಕು. ಮಳೆಯಲ್ಲಿ ಸಗಣಿಯ ಮನೆ ಕರಗಿದ ಕಾಗಕ್ಕ ಗುಬ್ಬಕ್ಕನ ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಪ್ರತಿ ಸಲವೂ ಹೊಸ ನೆಪ ಹೇಳುತ್ತಾಳೆ. ಮಗುವಿಗೆ ನೀರು ಹಾಕುವುದಿದೆ, ಮಲಗಿಸುವುದಿದೆ. ಮೂರನೆಯ ಸಲ ತಟ್ಟುವ ಹೊತ್ತಿಗೆ ಕೂಗು ಸಭೆಯಿಂದಲೇ ಬರಬೇಕು, ಕಾಗಕ್ಕನ ದನಿಯಲ್ಲಿ ಚಳಿಯೂ ಏರಿರಬೇಕು. ಒಂದೇ ಮಾತನ್ನು ಮೂರು ಸಲವೂ ಒಂದೇ ರಾಗದಲ್ಲಿ ಹೇಳಿದರೆ ಆ ಬಾಗಿಲು ತಟ್ಟಿಯೂ ವ್ಯರ್ಥ.

8. ಐದು ನಿಮಿಷ ಕೊಟ್ಟಿದ್ದರೆ ನಾಲ್ಕೂವರೆಗೆ ಮುಗಿಯುವಂತೆ ಕಟ್ಟಿ. ನೀತಿಗೆಂದು ಪ್ರತ್ಯೇಕ ಸಮಯ ಇಡಬೇಡಿ. “ಈ ಕಥೆಯಿಂದ ನಾವು ತಿಳಿಯುವುದೇನೆಂದರೆ” ಎಂದು ಶುರುಮಾಡಿದ ತಕ್ಷಣ ಸಭೆ ಮತ್ತೆ ತರಗತಿಯಾಗುತ್ತದೆ. ಅಂಕಪಟ್ಟಿಯಲ್ಲಿ ನೀತಿಗೆ ಅಂಕವಿದ್ದರೆ ಒಂದು ವಾಕ್ಯ ಸಾಕು. ಸ್ಪರ್ಧೆ ನಡೆಸುವ ಗ್ರಂಥಾಲಯದವರು ಆ ಅಂಕಣವನ್ನೇ ತೆಗೆದುಹಾಕಬೇಕೆಂಬುದು ನನ್ನ ಕೋರಿಕೆ.

9. ಕಥೆಯನ್ನು ಬರೆದು ಗ್ರಂಥಾಲಯಕ್ಕೆ ಕೊಟ್ಟು ಬನ್ನಿ. ಹೇಳಿದವರನ್ನು ಕೇಳಿ, ಅವರು ಒಪ್ಪಿದರೆ ಅವರ ಹೆಸರು, ವಯಸ್ಸು, ಊರು ಬರೆಯಿರಿ. ಅವರು ಆ ಕಥೆಯನ್ನು ಯಾರಿಂದ ಕೇಳಿದ್ದರು, ನೀವು ಬರೆದುಕೊಂಡ ತಾರೀಖು ಯಾವುದು ಎಂಬುದೂ ಇರಲಿ. ಅವರು ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ತಿದ್ದಬೇಡಿ. ಬಹುಮಾನ ಬರಲಿ ಬಿಡಲಿ, ಇದನ್ನು ಮಾಡಿ. ಒಂದು ಊರಿನ ಇಪ್ಪತ್ತು ಮಕ್ಕಳು ಹೀಗೆ ಇಪ್ಪತ್ತು ಕಥೆ ತಂದುಕೊಟ್ಟರೆ ಮೇಲ್ವಿಚಾರಕರು ಅವನ್ನು ಹೊಲಿಸಿ, ರಟ್ಟು ಹಾಕಿಸಿ, 398.2ರ ಕಪಾಟಿನಲ್ಲೇ ಇಡಬಹುದು. ಮುಂದಿನ ನವೆಂಬರಿನ ಸ್ಪರ್ಧಿಗಳು ಮೊದಲು ಕೇಳುವುದು ಆ ಪುಸ್ತಕವನ್ನೇ.