ಟ್ರೈಲರ್ ತುಕ್ಕು: ಸಮುದ್ರ ದೂರ, ಉಪ್ಪು ಹತ್ತಿರ

ಮಲ್ಪೆ, ಮಂಗಳೂರು ಕಡೆ ದೋಣಿ ಇಟ್ಟುಕೊಂಡವರಿಗೆ ಉಪ್ಪುನೀರಿನ ತುಕ್ಕು ದಿನನಿತ್ಯದ ತಲೆನೋವು. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರದಲ್ಲಿ ಹರಿಯೋದು ಕಾವೇರಿಯ ಸಿಹಿನೀರು, ಹಾಗಾಗಿ ಆ ತಲೆನೋವು ನಮಗಿಲ್ಲ ಅಂದ್ಕೋತೀವಿ. ನಿಮ್ಮ ಟ್ರ್ಯಾಕ್ಟರ್ ಟ್ರೈಲರ್ ಕೆಳಗೆ ಒಂದ್ಸಲ ಬಗ್ಗಿ ನೋಡಿ. ತಳದ ತಗಡು ಪದರ ಪದರವಾಗಿ ಏಳ್ತಿದ್ದರೆ ಅದು ಬರೀ ಮಳೆಯ ಕೆಲಸ ಅಲ್ಲ, ಉಪ್ಪಿನ ಕೆಲಸ.

ಉಪ್ಪು ಎಲ್ಲಿಂದ ಬರುತ್ತೆ?

ಮೊದಲನೆಯದು ಪೊಟ್ಯಾಷ್. ನಾವು ಕಬ್ಬಿಗೆ ಹಾಕೋ ಕೆಂಪು ಪೊಟ್ಯಾಷ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಅಣ್ಣತಮ್ಮ. 50 ಕೆ.ಜಿ. ಚೀಲದಲ್ಲಿ 20 ಕೆ.ಜಿ.ಗೂ ಹೆಚ್ಚು ಕ್ಲೋರೈಡ್ ಇರುತ್ತೆ. ಎರಡನೆಯದು ಕೆ.ಆರ್.ಪೇಟೆ, ನಾಗಮಂಗಲ ಕಡೆ ತೆಂಗಿನ ಬುಡಕ್ಕೆ ಹಾಕೋ ಕಲ್ಲುಪ್ಪು. ಮೂರನೆಯದು ನಾಲೆ ಬಯಲಿನ ಚೌಳು ಮಣ್ಣು.

ನಾವು ಸಾವಯವದವರು, ನಮಗೆ ಇದೆಲ್ಲ ಇಲ್ಲ ಅನ್ನೋ ಹಾಗಿಲ್ಲ. ಕೋಳಿ ಗೊಬ್ಬರ, ಕುರಿ ಗೊಬ್ಬರದಲ್ಲೂ ಉಪ್ಪಿನಂಶ ಇದೆ, ಜೊತೆಗೆ ಅಮೋನಿಯಾ. ಈ ಅಮೋನಿಯಾ ಹಿತ್ತಾಳೆ, ತಾಮ್ರವನ್ನ ತಿನ್ನುತ್ತೆ. ಗಂಜಲ ಹೊಡೆದ ಸ್ಪ್ರೇಯರ್‌ನ ಹಿತ್ತಾಳೆ ನಾಜಲ್‌ಗೆ ಹಸಿರು ಹಿಡಿಯೋದು, ಬಿರುಕು ಬಿಡೋದು ಇದರಿಂದಲೇ.

ಉಪ್ಪು ಮಾಡೋ ಕೆಲಸ

ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಇದೊಂದು ಸಣ್ಣ ಬ್ಯಾಟರಿ ಇದ್ದ ಹಾಗೆ. ನೀರಿಗೆ ಉಪ್ಪು ಸೇರಿದರೆ ವಿದ್ಯುತ್ ಸಲೀಸಾಗಿ ಹರಿಯುತ್ತೆ, ತುಕ್ಕಿನ ವೇಗ ಹೆಚ್ಚುತ್ತೆ. ಜೊತೆಗೆ ಉಪ್ಪು ಗಾಳಿಯಿಂದಲೇ ತೇವ ಎಳ್ಕೊಳ್ಳುತ್ತೆ. ಮಳೆ ಇಲ್ಲದಿದ್ದರೂ ರಾತ್ರಿಯ ತಂಪಿಗೆ ತಗಡು ಒದ್ದೆಯಾಗಿರುತ್ತೆ.

ಮೈಲುತುತ್ತದ ಕಥೆ ಬೇರೆ. ಅಡಿಕೆಗೆ ಬೋರ್ಡೋ ದ್ರಾವಣ ಮಾಡೋವಾಗ ಚಾಕು ಅದ್ದಿ ಪರೀಕ್ಷೆ ಮಾಡ್ತೀವಲ್ಲ, ಸುಣ್ಣ ಸಾಲದಿದ್ದರೆ ಚಾಕುವಿಗೆ ಕೆಂಪು ಬಣ್ಣ ಕೂರುತ್ತೆ. ಅದು ತಾಮ್ರ. ಅಷ್ಟು ತಾಮ್ರ ಕೂರೋಕೆ ಕಬ್ಬಿಣ ಕರಗಿರುತ್ತೆ. ಮೈಲುತುತ್ತದ ಡ್ರಮ್ ಟ್ರೈಲರ್‌ನಲ್ಲಿ ಸೋರಿದರೆ ತಗಡಿಗೂ ಇದೇ ಗತಿ.

ತೊಳೆಯೋ ಕ್ರಮ

1. ಮೊದಲು ಒಣಗಿದ್ದಾಗಲೇ ಗುಡಿಸಿ. ಉಪ್ಪಿನ ಪುಡಿ ಮೇಲೆ ನೇರ ನೀರು ಬಿಟ್ಟರೆ ಉಪ್ಪುನೀರಾಗಿ ಸಂದುಗಳಿಗೆ ಇಳಿಯುತ್ತೆ.
2. ಅದೇ ದಿನ ತೊಳೆಯಿರಿ, ನಾಳೆಗೆ ಬಿಡಬೇಡಿ. ಒಳಗಿಗಿಂತ ತಳಭಾಗ, ಛಾಸಿ, ಬಾಗಿಲ ಹಿಂಜ್ ಮುಖ್ಯ. ಬೋರ್‌ವೆಲ್ ನೀರು ಸವಳಾಗಿದ್ದರೆ ಕೊನೆಯ ಸಲ ನಾಲೆ ಅಥವಾ ಮಳೆನೀರು ತಂದು ಹಾಕಿ.
3. ಟ್ರೈಲರ್‌ನ ನದಿಗೆ, ನಾಲೆಗೆ ಇಳಿಸಬೇಡಿ. ಓಡಿ ಬಂದ ಚಕ್ರದ ಹಬ್ ಬಿಸಿಯಾಗಿರುತ್ತೆ. ತಣ್ಣೀರಿಗೆ ಇಳಿಸಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿನಿಂದ ನೀರು ಬೇರಿಂಗ್‌ಗೆ ಎಳೆಯುತ್ತೆ. ಕಡಲ ದಡದಲ್ಲಿ ದೋಣಿ ಇಳಿಸೋ ಟ್ರೈಲರ್‌ಗಳು ಕೆಡೋದೂ ಹೀಗೇ.
4. ಹಿಂದಿನ ಬಾಗಿಲು ತೆಗೆದು, ಮುಂಭಾಗ ಸ್ವಲ್ಪ ಎತ್ತರಕ್ಕಿಟ್ಟು ನಿಲ್ಲಿಸಿ. ನೀರು ಬಸಿದು, ಬಿಸಿಲಿಗೆ ಪೂರ್ತಿ ಒಣಗಲಿ. ಒದ್ದೆ ತಗಡಿನ ಮೇಲೆ ಟಾರ್ಪಾಲ್ ಹೊದಿಸಬೇಡಿ.
5. ತೊಳೆದ ನೀರು ತೆಂಗಿನ ಪಾತಿಗೆ ಹೋಗಲಿ. ತೆಂಗು ಉಪ್ಪು ತಡೆಯುತ್ತೆ, ಭತ್ತದ ಒಟ್ಟಲು ತಡೆಯಲ್ಲ. ಮೈಲುತುತ್ತ, ಕೀಟನಾಶಕ ತೊಳೆದ ನೀರನ್ನಂತೂ ನಾಲೆಗೆ, ಬಾವಿ ಹತ್ತಿರ ಬಿಡಲೇಬೇಡಿ.

ಬಣ್ಣ ಬಳಿಯೋದು

ತುಕ್ಕಿನ ಮೇಲೆ ಬಳಿದ ಬಣ್ಣ ದುಡ್ಡು ದಂಡ. ವೈರ್ ಬ್ರಷ್‌ನಲ್ಲಿ ಉಜ್ಜಿ, ಎಮರಿ ಪೇಪರ್ ಹಾಕಿ, ಸಿಹಿನೀರಲ್ಲಿ ತೊಳೆದು ಒಣಗಿಸಿ. ತೊಳೆಯದೆ ಬಿಟ್ಟರೆ ಬಣ್ಣದಡಿ ಸಿಕ್ಕ ಉಪ್ಪು ತೇವ ಎಳೆದು ಗುಳ್ಳೆ ಏಳಿಸುತ್ತೆ. ಒಣಗಿದ ದಿನವೇ ರೆಡ್ ಆಕ್ಸೈಡ್ ಪ್ರೈಮರ್, ಅದು ಒಣಗಿದ ಮೇಲೆ ಎನಾಮೆಲ್ ಎರಡು ಕೋಟ್. ತಳಭಾಗ ಕಾಣಲ್ಲ ಅಂತ ಬಿಡಬೇಡಿ, ತುಕ್ಕು ಶುರುವಾಗೋದೇ ಅಲ್ಲಿ.

ಸುಟ್ಟ ಇಂಜಿನ್ ಆಯಿಲ್ ಬಳಿಯೋದು ನಮ್ಮ ಕಡೆ ರೂಢಿ. ನಾನಂತೂ ಬೇಡ ಅಂತೀನಿ. ಅದು ತೊಟ್ಟಿಕ್ಕಿ ಹೊಲಕ್ಕೆ ಬೀಳುತ್ತೆ, ಅದೇ ಟ್ರೈಲರ್‌ನಲ್ಲಿ ರಾಗಿ, ತರಕಾರಿ ತುಂಬ್ತೀವಿ. ಬೇರಿಂಗ್, ಹಿಂಜ್, ಪಿನ್‌ಗೆ ಗ್ರೀಸ್ ಸಾಕು.

ಹೊಸ ಬೋಲ್ಟ್, ತಗಡು ತರೋವಾಗ ಸತು ಲೇಪ ಇರೋದನ್ನ ಕೇಳಿ. ಕಬ್ಬಿಣಕ್ಕಿಂತ ಮೊದಲು ಸತು ತಾನು ಸವೆದು ಕಬ್ಬಿಣ ಉಳಿಸುತ್ತೆ. ಕಡಲಿನ ಕಬ್ಬಿಣದ ದೋಣಿಗಳ ತಳಕ್ಕೆ ಸತುವಿನ ಗಟ್ಟಿ ಕಟ್ಟೋದು ಇದಕ್ಕೇ.

ಕಬ್ಬು ತುಂಬೋ ಮುಂಚೆ

ಪಾಂಡವಪುರಕ್ಕೋ ಮಾಕವಳ್ಳಿಗೋ ಕಬ್ಬು ಹೊರಡೋ ಮುಂಚೆ ನಾಲ್ಕು ಜಾಗ ನೋಡಲೇಬೇಕು.

- ಕೊಂಡಿ ಮತ್ತು ಪಿನ್: ಸುತ್ತಿಗೆಯಿಂದ ತಟ್ಟಿ. ಖಣ್ ಅಂದ್ರೆ ಸರಿ. ದಪ್ ಅಂದ್ರೆ, ಪದರ ಉದುರಿದರೆ, ಒಳಗೆ ಸವೆದಿದೆ. ಸವೆದ ಪಿನ್‌ನ ವೆಲ್ಡ್ ಮಾಡಿಸಬೇಡಿ, ಬದಲಾಯಿಸಿ.
- ಬೇರಿಂಗ್: ಜಾಕ್ ಹಾಕಿ ಚಕ್ರ ತಿರುಗಿಸಿ. ಗರಗರ ಸದ್ದು ಬಂದರೆ ಬಿಚ್ಚಿಸಿ. ಗ್ರೀಸ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಹೋಗಿದೆ ಅಂತ ಅರ್ಥ.
- ಸ್ಪ್ರಿಂಗ್ ಪಟ್ಟಿಗಳು: ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ, ಪಟ್ಟಿಗಳನ್ನ ದೂಡಿ ಬಿರುಕು ಬಿಡಿಸುತ್ತೆ.
- ಹಿಂದಿನ ಲೈಟ್: ತಂತಿ ಜೋಡಣೆಯ ಹಸಿರು ಕೆರೆದು, ಗಟ್ಟಿಯಾಗಿ ಕೂರಿಸಿ, ಮೇಲೆ ವ್ಯಾಸ್ಲೀನ್ ಸವರಿ.

ಇಳಿಜಾರಲ್ಲಿ ತುಂಬಿದ ಟ್ರೈಲರ್‌ನ ಕೊಂಡಿ ಮುರಿದರೆ ಹಿಂದೆ ಬರೋ ಬೈಕ್‌ನವನ ಗತಿ ಏನು, ಯೋಚನೆ ಮಾಡಿ. ರಾತ್ರಿ ಲೈಟಿಲ್ಲದೆ ರಸ್ತೆಬದಿ ನಿಂತ ಕಬ್ಬಿನ ಲೋಡು ಕತ್ತಲಲ್ಲಿ ಗೋಡೆ ಇದ್ದ ಹಾಗೆ.

ಫೋನ್‌ನಲ್ಲಿ ಒಂದು ಅಭ್ಯಾಸ ಇಟ್ಕೊಳ್ಳಿ: ಯುಗಾದಿ, ದೀಪಾವಳಿಗೆ ಟ್ರೈಲರ್ ತಳದ ಅದೇ ನಾಲ್ಕು ಜಾಗದ ಫೋಟೋ ತೆಗೀರಿ. ಹಳೆಯದರ ಪಕ್ಕ ಹೊಸದಿಟ್ಟು ನೋಡಿದರೆ ತುಕ್ಕು ಎಲ್ಲಿ ಬೆಳೀತಿದೆ ಅಂತ ಕಣ್ಣಿಗೆ ಕಾಣುತ್ತೆ. ವೈರ್ ಬ್ರಷ್ ಹಿಡಿಯೋಕೆ ಅದೇ ಸರಿಯಾದ ಸಮಯ.