ಸವಕಳಿ ಇಲ್ಲದ ತವಾ, ಪುಕ್ಕಟೆಯಲ್ಲದ ಸೌದೆ

ಅಕೌಂಟೆನ್ಸಿಯಲ್ಲಿ ಸವಕಳಿ ಎಂದ ಕೂಡಲೇ ನಾವೆಲ್ಲ ಯಂತ್ರ, ಪೀಠೋಪಕರಣ, ಲಾರಿ ಎಂದು ಬರೆಯುತ್ತೇವೆ. ಈ ನಿಯಮಕ್ಕೆ ಸಿಗದ ಒಂದು ಸ್ಥಿರ ಆಸ್ತಿ ನಮ್ಮ ಮನೆಯಲ್ಲಿದೆ: ದಾದಿಯ ಬೀಡಿನ ತವಾ. (ದಾದಿ ಎಂದರೆ ನರ್ಸ್ ಅಲ್ಲ, ನನ್ನ ತಂದೆಯ ತಾಯಿ.) ಅವರ ಮದುವೆಯ ಕಾಲದ್ದು. ಪುಸ್ತಕದ ಪ್ರಕಾರ ಅದರ ಬೆಲೆ ಎಂದೋ ಸೊನ್ನೆಯಾಗಬೇಕಿತ್ತು. ಆದರೆ ಅದು ಹಳೆಯದಾದಷ್ಟೂ ದೋಸೆ ಸುಲಭವಾಗಿ ಏಳುತ್ತಿದೆ.

ಬೀಡು ಎಂದರೆ ಎರಕದ ಕಬ್ಬಿಣ. ಇದರಲ್ಲಿ ಶೇ. 2ಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಹಾಗಾಗಿ ಗಟ್ಟಿ, ಆದರೆ ಪೆಡಸು. ಕಾದಾಗ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ನಮ್ಮ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ್ದು ಕಾಡಿನ ಸೌದೆಯ ಇದ್ದಿಲಿನಿಂದ. ಕಬ್ಬಿಣಕ್ಕೂ ಸೌದೆಗೂ ನಂಟು ಹಳೆಯದು.

ಸೌದೆ ಒಲೆಗೆ ಈ ಪಾತ್ರೆ ಏಕೆ ಹೊಂದುತ್ತದೆ ಎಂದು ವಿಜ್ಞಾನ ವಿಭಾಗದ ಗೆಳತಿಯನ್ನು ಕೇಳಿ ಲೆಕ್ಕ ಹಾಕಿದೆ. ಒಂದು ಕೆ.ಜಿ. ಕಬ್ಬಿಣವನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.46 ಕಿಲೋಜೂಲ್ ಬೇಕು, ಅಲ್ಯೂಮಿನಿಯಂಗೆ 0.9. ಇಷ್ಟೇ ನೋಡಿದರೆ ಅಲ್ಯೂಮಿನಿಯಂ ಮುಂದೆ. ಆದರೆ ದಾದಿಯ ತವಾ 3 ಕೆ.ಜಿ., ಅಮ್ಮಿಯ ಅಲ್ಯೂಮಿನಿಯಂ ತವಾ 700 ಗ್ರಾಂ. ಗುಣಿಸಿದರೆ ಬೀಡಿನದು ಎರಡು ಪಟ್ಟಿಗೂ ಹೆಚ್ಚು ಶಾಖ ಹಿಡಿದಿಡುತ್ತದೆ. ಸೌದೆಯ ಉರಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ದಪ್ಪ ಕಬ್ಬಿಣ ಆ ಏರಿಳಿತವನ್ನು ರೊಟ್ಟಿಗೆ ಮುಟ್ಟಲು ಬಿಡುವುದಿಲ್ಲ. ಆದರೆ ಶಾಖ ಅದರಲ್ಲಿ ನಿಧಾನವಾಗಿ ಹರಡುತ್ತದೆ, ಜ್ವಾಲೆ ತಾಗಿದ ಕಡೆ ಮಾತ್ರ ಸುಡುತ್ತದೆ. ಅದಕ್ಕೇ ದಾದಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಆಮೇಲೆ ಕೊಳ್ಳಿ ಹಿಂದಕ್ಕೆಳೆದು ಕೆಂಡದ ಮೇಲೆ ಬೇಯಿಸುತ್ತಾರೆ.

ಪಳಗಿಸುವುದು ಇನ್ನೊಂದು ಪಾಠ. ಹೊಸ ಬೀಡನ್ನು ತೊಳೆದು, ಒಲೆಯ ಮೇಲೆ ಪೂರ್ತಿ ಒಣಗಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ತಿಕ್ಕಿ ಕಾಯಿಸಬೇಕು. ಆರಿದ ಮೇಲೆ ಮತ್ತೆ. ತೆಳುವಾದ ಎಣ್ಣೆ ಶಾಖಕ್ಕೆ ಗಟ್ಟಿ ಪದರವಾಗಿ ಅಂಟಿಕೊಳ್ಳುತ್ತದೆ. ಜಾಸ್ತಿ ಸುರಿದರೆ ಬರೀ ಜಿಗುಟು. ಹುಣಸೆ, ಟೊಮೆಟೊ ಈ ಪದರವನ್ನು ತಿನ್ನುತ್ತವೆ. ಹಾಗಾಗಿ ನಮ್ಮಲ್ಲಿ ದಾಲ್ಚಾ ಬೀಡಿನ ಕಡಾಯಿಗೆ ಇಳಿಯುವುದೇ ಇಲ್ಲ, ಅದಕ್ಕೆ ಖಲಾಯಿ ಹಾಕಿದ ದೇಗ್ಚಿ ಇದೆ. ಹುಳಿ ತಾಗಿದಾಗ ಸ್ವಲ್ಪ ಕಬ್ಬಿಣಾಂಶ ಊಟಕ್ಕೂ ಸೇರುತ್ತದೆ ಎನ್ನುವುದು ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇತ್ತು. ಆದರೆ ತವಾ ಮಾತ್ರೆಯ ಬದಲಿಯಲ್ಲ.

ಈಗ ಮುಖ್ಯ ಲೆಕ್ಕ. ಅಬ್ಬು ಕೆಲಸ ಮಾಡುವ ಸಾಮಿಲ್‌ನಲ್ಲಿ ತುಂಡು ಮರ ಪುಕ್ಕಟೆ ಸಿಗುತ್ತದೆ. "ಗ್ಯಾಸ್ ಬಿಟ್ಟುಬಿಡೋಣ, ಆ ದುಡ್ಡು ನಿಮ್ಮ ಫೀಸಿಗಾಯಿತು" ಎಂದರು. ದಾದಿಗೆ ಖುಷಿ. ಅಮ್ಮಿ ಮಾತಾಡಲಿಲ್ಲ, ಕೆಮ್ಮಿದರು.

14.2 ಕೆ.ಜಿ. ಸಿಲಿಂಡರ್‌ನಲ್ಲಿ ಸುಮಾರು 650 ಮೆಗಾಜೂಲ್ ಶಕ್ತಿ ಇರುತ್ತದೆ. ಗ್ಯಾಸ್ ಒಲೆಯಲ್ಲಿ ಶೇ. 60 ಪಾತ್ರೆಗೆ ಸೇರುತ್ತದೆ ಎಂದಿಟ್ಟುಕೊಂಡರೆ 390. ಒಣ ಸೌದೆಯಲ್ಲಿ ಕೆ.ಜಿ.ಗೆ 16 ಮೆಗಾಜೂಲ್. ಮೂರು ಕಲ್ಲಿನ ಒಲೆಯಲ್ಲಿ ಶೇ. 12 ಮಾತ್ರ ಸೇರಿದರೆ ಎರಡಕ್ಕೂ ಕಡಿಮೆ. ಅಂದರೆ ಒಂದು ಸಿಲಿಂಡರ್‌ಗೆ 200 ಕೆ.ಜಿ. ಸೌದೆ ಸಮ. ಸಿಲಿಂಡರ್‌ಗೆ 900 ರೂಪಾಯಿ ಎಂದು ಹಿಡಿದರೆ, ಸೌದೆ ಕೆ.ಜಿ.ಗೆ 4.50 ದಾಟಿದರೆ ನಷ್ಟ. ನಮಗೆ ಸೌದೆ ಸೊನ್ನೆ ರೂಪಾಯಿ, ಆದ್ದರಿಂದ ಅಬ್ಬು ಗೆದ್ದರು ಅನ್ನಿಸುತ್ತದೆ.

ಆದರೆ ಅವಕಾಶ ವೆಚ್ಚ ಎಂಬುದೊಂದಿದೆಯಲ್ಲ. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟೆ. ಸೌದೆ ಸೀಳುವುದು, ಹೊತ್ತಿಸುವುದು, ಊದುವುದು, ಮಸಿ ಉಜ್ಜುವುದು: ಅಮ್ಮಿಗೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು. ತಿಂಗಳಿಗೆ 45 ಗಂಟೆ. ಅವರು ಸೀರೆಗೆ ಫಾಲ್ ಹೊಲಿಯುತ್ತಾರೆ. ಗಂಟೆಗೆ 40 ರೂಪಾಯಿಯಂತೆ ಹಿಡಿದರೂ 1,800 ಆಯಿತು. ಪುಕ್ಕಟೆ ಸೌದೆ ಎರಡು ಸಿಲಿಂಡರ್‌ನ ಬೆಲೆಗೆ ಬಂತು. ಹೊಗೆ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಮನೆಯೊಳಗಿನ ಹೊಗೆ 2020ರಲ್ಲಿ ಜಗತ್ತಿನಲ್ಲಿ 32 ಲಕ್ಷ ಜನರ ಸಾವಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅಮ್ಮಿಯ ಪಕ್ಕ ಪುಸ್ತಕ ಹಿಡಿದು ಕೂರುವವಳು ನನ್ನ ತಂಗಿ.

ಹಾಳೆಯನ್ನು ಅಬ್ಬುಗೆ ಕೊಟ್ಟೆ. ಎರಡು ಸಲ ಓದಿದರು. "ಹೊಲಿಗೆ ಲೆಕ್ಕ ನೀನು ಕಡಿಮೆ ಹಿಡಿದಿದ್ದೀಯ" ಎಂದು ಅಮ್ಮಿ ಪಕ್ಕದಿಂದ ಹೇಳಿದರು.

ಗ್ಯಾಸ್ ಉಳಿಯಿತು. ದಾದಿಯ ಒಲೆಯೂ ಉಳಿಯಿತು, ಹಿತ್ತಿಲಿನ ತೆರೆದ ಚಪ್ಪರದಲ್ಲಿ: ಜುಮ್ಮಾದ ಪರಾಠಾ, ಸ್ನಾನದ ನೀರು, ಗಂಟೆಗಟ್ಟಲೆ ಬೇಯುವ ಪಾಯಾ. ಪ್ಲೈವುಡ್, ಬಣ್ಣ ಬಳಿದ ತುಂಡು ತರಬೇಡಿ ಎಂದು ಅಬ್ಬುಗೆ ಹೇಳಿದ್ದೇನೆ, ಅದರ ಅಂಟಿನ ಹೊಗೆ ಇನ್ನೂ ಕೆಟ್ಟದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಆಸ್ಟ್ರಾ ಕೇಂದ್ರದವರು ರೂಪಿಸಿದ ಹೊಗೆಕೊಳವೆಯ ಒಲೆಯ ಬಗ್ಗೆಯೂ ಓದಿದ್ದೇನೆ. ಶೇ. 25 ಶಾಖ ಪಾತ್ರೆಗೆ ಸೇರುವ ಒಲೆಯಾದರೆ ಸೌದೆ ಅರ್ಧಕ್ಕಿಳಿಯುತ್ತದೆ. ಗಾರೆಯವರನ್ನು ವಿಚಾರಿಸಿದ್ದೇವೆ, ಮಳೆಗಾಲಕ್ಕೆ ಮೊದಲು ಕಟ್ಟಿಸಬೇಕು. ಎಲ್ಲಿ ಕಟ್ಟಬೇಕು ಎಂಬ ವಿಷಯದಲ್ಲಿ ದಾದಿಗೂ ಅಮ್ಮಿಗೂ ಇನ್ನೂ ಒಪ್ಪಂದವಾಗಿಲ್ಲ.